ಕಡಲೆಕಾಳಿನಷ್ಟು ಸುಣ್ಣ

ನಮ್ಮ ಅತ್ತೆ ಕರಿಬಸಮ್ಮನವರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ನಮ್ಮ ಮನೆಯವರ ಕಾಲಿನ ಹತ್ತಿರ ಬಂದು ನಿಲ್ಲುತ್ತಿತ್ತು. ಬಂದವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಆ ಕಥೆ ಆಗಿಬಿಡಬೇಕು. ನಮ್ಮ ಮನೆಯವರು, ಎಂದರೆ ಗೌರೀಶ್, ನಡೆಯಲು ಕಲಿತಾಗ ಅವರ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿದ್ದವಂತೆ. ಡಾಕ್ಟರು ಪಟ್ಟಿ ಕಟ್ಟೋಣ ಅಂದರಂತೆ. ಅತ್ತೆ ಒಪ್ಪಲಿಲ್ಲ. ದಿನವೂ ಹರಳೆಣ್ಣೆ ಹಚ್ಚಿ ಕಾಲು ನೀವಿದರು. ತಾವು ಎಲೆಯಡಿಕೆಗೆ ಹಾಕಿಕೊಳ್ಳುವ ಸುಣ್ಣವನ್ನೇ ಗೋಧಿಕಾಳಿನಷ್ಟು ತೆಗೆದು ಮೊಸರಿನಲ್ಲಿ ಕದಡಿ ಕುಡಿಸಿದರು. ಸ್ಕೂಲಿಗೆ ಸೇರಿಸುವ ಹೊತ್ತಿಗೆ ಮಗ ಕಂಬದ ಹಾಗೆ ನೆಟ್ಟಗಾಗಿದ್ದ.

ಕೇಳಿದವರ ಮುಖದಲ್ಲಿ ಚೂರು ಅನುಮಾನ ಕಂಡರೆ ಸಾಕು, "ಗೌರಿ, ಪ್ಯಾಂಟು ವಸಿ ಎತ್ತಪ್ಪ" ಎನ್ನುತ್ತಿದ್ದರು. ಮಧುಗಿರಿ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು, ತಲೆ ಅರ್ಧ ನೆರೆತಿರುವ ಗಂಡಸು ಎದ್ದು ನಿಂತು ಮೊಣಕಾಲಿನ ತನಕ ಪ್ಯಾಂಟು ಎತ್ತಿ ತೋರಿಸುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ನಮ್ಮಪ್ಪನ ಮುಂದೆಯೂ ತೋರಿಸಿದ್ದಾರೆ. ನಾನು ಒಳಗಿನಿಂದ ಕಂಡು ನಕ್ಕಿದ್ದೆ. ಇಂಥ ಮಗನನ್ನು ಕಟ್ಟಿಕೊಂಡರೆ ಯಾವುದಕ್ಕೂ ತಾಯಿಯ ಅಪ್ಪಣೆ ಬೇಕಾಗುತ್ತದೆ ಎಂದು ಆಗಲೇ ಅರ್ಥವಾಗಬೇಕಿತ್ತು, ಆಗಲಿಲ್ಲ.

ಬರೀ ಮಗನದ್ದೊಂದೇ ಅಲ್ಲ. ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಅತ್ತೆಯ ಕಾಲಿನ ಮೇಲೆ ಎಣ್ಣೆ ನೀರು ಹಾಕಿಸಿಕೊಂಡು, ಅವರ ಡಬ್ಬಿಯ ಸುಣ್ಣ ಕುಡಿದು ಬೆಳೆದವು. ಬಾಣಂತಿಯರು ಆಸ್ಪತ್ರೆಯಿಂದ ಬಂದ ಮೇಲೆ ಮೊದಲು ಇವರಿಗೆ ಹೇಳಿ ಕಳಿಸುತ್ತಿದ್ದರು. ಸೊಂಟದ ಎಲೆಯಡಿಕೆ ಚೀಲದಲ್ಲಿ ಆ ಹಿತ್ತಾಳೆಯ ಸುಣ್ಣದ ಡಬ್ಬಿ ಯಾವಾಗಲೂ ಇರುತ್ತಿತ್ತು. ಅದನ್ನು ಕಳೆದುಕೊಂಡರೆ ನಮ್ಮ ಅತ್ತೆ ಅರ್ಧ ಮನುಷ್ಯೆ.

ಇಂಥ ಮನೆಗೆ ಒಂದು ನಾಯಿಮರಿ ಬಂತು.

ಪಾವಗಡದ ಕಡೆ ತಿರುಮಣಿಯಲ್ಲಿ ಪಾಲಾಕ್ಷ ಎಂದು ನಮ್ಮ ಹಳೇ ಗಿರಾಕಿ. ಜಮೀನು ಸೋಲಾರ್ ಪಾರ್ಕಿಗೆ ಕೊಟ್ಟ ಮೇಲೆ ಕೈಗೆ ಕೆಲಸವಿಲ್ಲದೆ ನಾಯಿ ಸಾಕುವ ಹುಚ್ಚು ಹತ್ತಿಸಿಕೊಂಡಿದ್ದ. ತನ್ನ ಮನೆಯ ಗೃಹಪ್ರವೇಶಕ್ಕೆ ಹಂಚಲು ಸ್ಟೀಲ್ ಡಬ್ಬಿಗಳನ್ನು ಆರ್ಡರ್ ಕೊಟ್ಟಿದ್ದ. ನಮ್ಮ ಅಂಗಡಿಯಲ್ಲಿ ಪಾತ್ರೆಗೆ ಹೆಸರು ಕೊರೆಯುವುದು ನನ್ನ ಕೆಲಸ. ಅವನ ಅಪ್ಪ ಅಮ್ಮನ ಹೆಸರು ಕೊರೆದು ಕೊರೆದು ಕೈ ಜೋಮು ಹಿಡಿದಿತ್ತು. ಡಬ್ಬಿ ತಲುಪಿಸಲು ಇಬ್ಬರೂ ಕಾರಿನಲ್ಲಿ ಹೋದೆವು. ಅಂಗಳದಲ್ಲಿ ಕರುವಿನಷ್ಟು ಎತ್ತರದ ಬೂದು ಬಣ್ಣದ ತಾಯಿ ನಾಯಿ ಮಲಗಿತ್ತು, ಗ್ರೇಟ್ ಡೇನ್ ಅಂತೆ. ಅದರ ಮರಿಗಳಲ್ಲೊಂದು ಎದ್ದು ಬಂದು ನಮ್ಮ ಮನೆಯವರ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿಬಿಟ್ಟಿತು. ಅವರು ಕಾಲು ಅಲ್ಲಾಡಿಸದೆ ಊಟದ ತನಕ ಹಾಗೇ ನಿಂತಿದ್ದರು.

"ತೀಸ್ಕೊಂಡೋಗಣ್ಣ, ಪರ್ವಾಲೇದು" ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಅಂದ ಪಾಲಾಕ್ಷ. "ನೀನೊಂದು ಇಟ್ಕೋ, ನಾನೊಂದು ಇಟ್ಕೋತೀನಿ. ಅಣ್ಣತಮ್ಮಂದ್ರು ಇಬ್ರೂ ಹೆಂಗ್ ಬೆಳೀತಾರೆ ನೋಡಾನ."

ಬೇಡ ಎನ್ನಲು ನಾನು ಬಾಯಿ ತೆಗೆದೆ. ನಮ್ಮ ಮನೆಯವರ ಮುಖ ನೋಡಿ ಮುಚ್ಚಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಮರಿಯನ್ನು ನೋಡಿದ ಅತ್ತೆ, "ಇದೇನೋ, ಕರ ತಂದಿದ್ದೀಯಾ?" ಅಂದರು. ಪಾದ ಎತ್ತಿ ತಮ್ಮ ಅಂಗೈಯಲ್ಲಿಟ್ಟು ನೋಡಿ, "ಪಾದ ಇಷ್ಟಗಲ ಐತೆ, ಕಾಲು ನೋಡಿದ್ರೆ ಕಡ್ಡಿ. ಇಷ್ಟು ಮೈ ಈ ಕಾಲ್ಮೇಲೆ ಹೆಂಗ್ ನಿಂತಾತು?" ಎಂದು ಕೇಳಿದರು. ಆಮೇಲೆ, "ಏನು ತಿಂತದೆ ಇದು?" ಅಂದರು.

"ನಾವು ತಿನ್ನೋದೇ ಅಮ್ಮ" ಅಂದರು ನಮ್ಮ ಮನೆಯವರು.

ಅತ್ತೆ ಮಗನ ಮುಖವನ್ನು ಒಂದು ಕ್ಷಣ ನೋಡಿ ಸುಮ್ಮನಾದರು. ಆ ಸುಮ್ಮನಾಗುವಿಕೆಯಲ್ಲಿ ಏನಿತ್ತೆಂದು ಗೊತ್ತಾಗಲು ತುಂಬ ತಡವಾಯಿತು. ಮರಿಗೆ ದೊರೆ ಎಂದು ಹೆಸರಿಟ್ಟವರು ಅವರೇ. ಮಲಗುವ ಗತ್ತು ಹಾಗಿದೆ ಎಂದರು. ನಾನು ಒಂದು ಸ್ಟೀಲ್ ಬೋಗುಣಿಯ ಅಂಚಿಗೆ ಅದೇ ಹೆಸರು ಕೊರೆದೆ.

ದೊಡ್ಡ ಜಾತಿಯ ನಾಯಿ, ತೋರಿಸಿಕೊಂಡು ಬರೋಣ ಎಂದು ಶಿರಾಕ್ಕೆ ಹೋದೆವು. ಅಲ್ಲಿ ಚೇತನ್ ಕುಮಾರ್ ಎಂಬ ಡಾಕ್ಟರು ನಾಯಿಗಳಿಗೇ ಒಂದು ಕ್ಲಿನಿಕ್ ಇಟ್ಟಿದ್ದಾರೆ. ಅವಸರವಿಲ್ಲದ ಮನುಷ್ಯ. ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ ನಿಧಾನವಾಗಿ ಹೇಳಿದರು.

"ಎಲ್ಲರೂ ಮಾಡೋ ತಪ್ಪು ಅಂದ್ರೆ, ಇದು ಬೇಗ ದೊಡ್ಡದಾಗ್ಲಿ ಅಂತ ತುಂಬಿಸೋದು. ಇಂಥ ಮರಿ ನಿಧಾನಕ್ಕೆ ಬೆಳೀಬೇಕು. ಮೈ ತೂಕ ಮುಂದೆ ಓಡಿ, ಮೂಳೆ ಹಿಂದೆ ಉಳಿದ್ರೆ ಕಾಲು ಹೋಗುತ್ತೆ. ಪಕ್ಕೆಲುಬು ಕೈಗೆ ಸಿಗ್ತಾ ಇರಬೇಕು. ದೊಡ್ಡ ಜಾತಿ ಮರಿಗೇ ಅಂತ ಮಾಡಿದ ಆಹಾರ ಬರುತ್ತೆ, ಅದನ್ನೇ ಅಳತೆ ಮಾಡಿ ಹಾಕಿ. ಬೆಳೆದ ನಾಯಿದು ಬೇಡ. ಅದರ ಮೇಲೆ ಕ್ಯಾಲ್ಸಿಯಂ ಟಾನಿಕ್ಕು, ಪುಡಿ, ಏನೂ ಬೇಡ. ಬೇಕಾದಷ್ಟು ಅದರಲ್ಲೇ ಇದೆ."

ಇಷ್ಟೇ. ಮಗುವಿಗೂ ಅರ್ಥವಾಗುವಂಥ ಮಾತು. ನಾವಿಬ್ಬರೂ ತಲೆ ಆಡಿಸಿದೆವು.

ಕ್ಲಿನಿಕ್ಕಿನ ಪಕ್ಕದ ರಸ್ತೆಯಲ್ಲಿ ಒಬ್ಬ ಭಾಯ್ ನಾಯಿ ಬೆಕ್ಕುಗಳ ಊಟದ ಅಂಗಡಿ ಇಟ್ಟಿದ್ದ. ಡಾಕ್ಟರು ಹೇಳಿದ ಮೂಟೆಯನ್ನು ಕೂಡಲೇ ಇಳಿಸಿದ. "ಸೇಠ್, ನಿಮ್ಮ ಮರಿಗೆ ಇದೇ ಸಹಿ" ಅಂದ. ಮೂಟೆಯ ಮೇಲೆ ನಾಯಿಯ ಚಿತ್ರ, ಅದರ ಪಕ್ಕದಲ್ಲಿ ದೊಡ್ಡದೊಂದು ಕೋಳಿಯ ಚಿತ್ರ. ನಮ್ಮ ಮನೆಯವರು ಮೂಟೆಯನ್ನು ಮುಟ್ಟಿದರು, ತಿರುಗಿಸಿದರು, ಕೋಳಿ ಗೋಡೆಯ ಕಡೆಗೆ ಆಗುವಂತೆ ನಿಲ್ಲಿಸಿದರು. ಆಮೇಲೆ ಗಂಟಲು ಸಣ್ಣ ಮಾಡಿ, "ಪೂರಾ ವೆಜ್ ಇಲ್ವಾ ಭಾಯ್?" ಎಂದು ಕೇಳಿದರು.

"ಇದೆ ಸೇಠ್. ಆದ್ರೆ ಅದು ಬೆಳೆದ ನಾಯಿಗೆ. ಮರಿಗಲ್ಲ."

"ಇದನ್ನೇ ತಗೊಳ್ರಿ" ಅಂದೆ ನಾನು. "ಅತ್ತೆಗೆ ನಾನು ಹೇಳ್ತೀನಿ."

"ಏನಂತ ಹೇಳ್ತೀಯಾ? ಎರಡು ಹೊತ್ತೂ ಲಿಂಗಪೂಜೆ ಮಾಡೋ ಮನೆಗೆ ಕೋಳಿ ಮೂಟೆ ಹೊತ್ಕೊಂಡು ಬಂದ ಅಂತಾನಾ? ನಮ್ಮಮ್ಮ ಬಾಯ್ಬಿಟ್ಟು ಏನೂ ಅನ್ನಲ್ಲ ಪುಷ್ಪಾ. ಅದೇ ಕಷ್ಟ. ಒಳಗೇ ನೊಂದ್ಕೋತಾಳೆ."

ಹಸಿರೆಲೆಯ ಚಿತ್ರವಿದ್ದ, ಬೆಳೆದ ನಾಯಿಯ ಮೂಟೆ ಕಾರಿಗೆ ಹತ್ತಿತು. ಅವರ ಭಯ ನನಗೆ ಅರ್ಥವಾಗದೇ ಇರಲಿಲ್ಲ. ಆದರೆ ಆ ಭಯ ಅತ್ತೆಯದಲ್ಲ, ಇವರದೇ ಎಂದು ಅನ್ನಿಸಿ ಸಿಟ್ಟು ಬಂದಿತ್ತು. ಒಂದು ಮಾತು ಕೇಳಿ ನೋಡುವುದಕ್ಕೆ ಏನು ಧಾಡಿ?

ದೊರೆ ಬೆಳೆದ ಪರಿ ಹೇಳಬೇಕು. ಪಾತ್ರೆ ಅಂಗಡಿಯವರ ಮನೆ, ಬೋಗುಣಿಗೆ ಬರವೇ? ಮೊದಲ ಬೋಗುಣಿ ಚಿಕ್ಕದಾಯಿತು ಎಂದು ಅತ್ತೆ ಮನೆಯ ಕೆಳಗಿನ ಅಂಗಡಿಗೆ ಇಳಿದು ಬಂದು ತಾವೇ ಒಂದು ದೊಡ್ಡದನ್ನು ಆರಿಸಿದರು. ಅದು ಸಾಲದೆಂದು ಮತ್ತೊಂದು. ಪ್ರತಿ ಸಲವೂ ನಾನು ಹೆಸರು ಕೊರೆಯಬೇಕು. ಮೂಟೆಯ ಕಾಳು ಒಂದು ನೆಪ ಮಾತ್ರ. ಅದರ ಮೇಲೆ ರಾಗಿ ಅಂಬಲಿ, ಗಟ್ಟಿ ಹಾಲು, ಮುದ್ದೆಗೆ ತುಪ್ಪ. ಪಕ್ಕೆಲುಬು ಕೈಗೆ ಸಿಗಬೇಕಂತೆ ಅತ್ತೆ ಎಂದು ನಾನು ಹೇಳಿದರೆ, "ಪಕ್ಕೆ ಎಲುಬು ಕಂಡ್ರೆ ನೋಡಿದೋರು ನನಗೆ ಉಗೀತಾರೆ ಕಣಮ್ಮ" ಎನ್ನುತ್ತಿದ್ದರು. ಒಂದು ಮಗು ತೆಳ್ಳಗಿರುವುದನ್ನು ಸಹಿಸಿದ ಜೀವವಲ್ಲ ಅದು.

ಮತ್ತೆ ಸುಣ್ಣ. ಮಗುವಿಗೆ ಗೋಧಿಕಾಳಿನಷ್ಟಾದರೆ ಇಂಥ ಮೈಯವನಿಗೆ ಕಡಲೆಕಾಳಿನಷ್ಟು. ಬೆಳಿಗ್ಗೆ ಮೊಸರಿನಲ್ಲಿ ಕದಡಿ ಇಟ್ಟರೆ ದೊರೆ ಬೋಗುಣಿ ನೆಕ್ಕಿ ನೆಕ್ಕಿ ತಳ ಹೊಳೆಸುತ್ತಿತ್ತು. ನಾನು ಅದನ್ನು ದಿನವೂ ನೋಡಿದ್ದೇನೆ. ಉಪ್ಪು ಹಾಕುವುದನ್ನು ನೋಡಿದ ಹಾಗೆ ನೋಡಿದ್ದೇನೆ. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ಆದರೆ ಆ ಪುಸ್ತಕದ ಕ್ಯಾಲ್ಸಿಯಮ್ಮಿಗೂ ಅತ್ತೆಯ ಸೊಂಟದ ಡಬ್ಬಿಗೂ ಸಂಬಂಧವಿದೆ ಎಂದು ಯಾವತ್ತೂ ಹೊಳೆಯಲಿಲ್ಲ. ಎಲೆಯಡಿಕೆಯ ಸುಣ್ಣವನ್ನು ಯಾರು ಟಾನಿಕ್ಕೆಂದು ಎಣಿಸುತ್ತಾರೆ?

ಅವರಿಬ್ಬರ ನಡುವೆ ಬೆಳೆದದ್ದನ್ನು ಏನೆಂದು ಕರೆಯಲಿ. ಅತ್ತೆ ಪೂಜೆಗೆ ಕೂತರೆ ದೊರೆ ದೇವರಕೋಣೆಯ ಹೊಸ್ತಿಲಾಚೆ ಕೂರುತ್ತಿತ್ತು. ಗಂಟೆ ಬಾರಿಸಿದ ಮೇಲೆ ಎದ್ದು ಬಂದು ಹಣೆ ಒಡ್ಡುತ್ತಿತ್ತು, ಅವರು ವಿಭೂತಿ ಹಚ್ಚುತ್ತಿದ್ದರು. ಆ ಜಾತಿಯ ನಾಯಿಗಳಿಗೆ ಮನುಷ್ಯರ ಮೇಲೆ ಒರಗಿ ನಿಲ್ಲುವ ಅಭ್ಯಾಸವಂತೆ. ಅತ್ತೆ ಜಗಲಿಯ ಕಂಬ ಹಿಡಿದು ನಿಂತರೆ ಇದು ಅವರಿಗೆ ಒರಗುತ್ತಿತ್ತು. "ಲೇ, ಬೀಳಿಸ್ತೀಯ ಕಣ್ಲಾ" ಎನ್ನುತ್ತಿದ್ದರು, ಜರುಗುತ್ತಿರಲಿಲ್ಲ.

ಮುಂಗಾಲು ಬಾಗಿದ್ದನ್ನು ಮೊದಲು ಕಂಡವರೂ ಅವರೇ. ಪಾದಗಳು ಹೊರಕ್ಕೆ ತಿರುಗಿದ್ದವು, ಮಣಿಕಟ್ಟಿನ ಹತ್ತಿರ ಗಂಟು ಕಟ್ಟಿದ ಹಾಗೆ ದಪ್ಪಗಾಗಿತ್ತು. ಅದೇ ವಾರ ಪಾಲಾಕ್ಷ ತನ್ನ ಮರಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ. ನಮ್ಮದಕ್ಕಿಂತ ಸಣಕಲು. ಆದರೆ ನಾಲ್ಕು ಕಾಲೂ ಸರಳಿನ ಹಾಗೆ ಇದ್ದವು. ಅತ್ತೆ ನನ್ನ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಅಲ್ಲಿ ಮೂಳೆ ಗೀಳೆ ಹಾಕ್ತಾರಲ್ಲ ಪುಷ್ಪಾವತಿ" ಅಂದರು.

"ಹಾಕ್ತಾರೇನೋ ಅತ್ತೆ."

ಅವರು ಫೋನು ಕೊಟ್ಟು ಎದ್ದರು. ಮಾರನೆಯ ದಿನದಿಂದ ಕಡಲೆಕಾಳು ಹುಣಸೆಬೀಜವಾಯಿತು. ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂತು, ಆ ದೊಡ್ಡ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂಗಾಲು ನೀವುತ್ತಿದ್ದರು. "ಗೌರೀಶಂದು ಇದಕ್ಕಿಂತ ಸೊಟ್ಟ ಇತ್ತು. ಮಾಡ್ಲಿಲ್ವಾ ನಾನು? ನಿಂದೂ ಮಾಡ್ತೀನಿ ಬುಡು" ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದರು. ನೀವಿದಾಗ ನೋವಿಗೆ ಅದು ಒಮ್ಮೊಮ್ಮೆ ಸಣ್ಣಗೆ ನರಳುತ್ತಿತ್ತು, ಆದರೂ ಎದ್ದು ಹೋಗುತ್ತಿರಲಿಲ್ಲ.

ನಾವಿಬ್ಬರೇ ಮತ್ತೆ ಶಿರಾಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ಹುಬ್ಬು ಗಂಟು ಹಾಕಿದರು.

"ನಾನು ಹೇಳಿದ್ದೇ ಹಾಕ್ತಿದ್ದೀರಾ?"

"ಹೌದು ಸಾರ್" ಅಂದರು ನಮ್ಮ ಮನೆಯವರು.

"ಕ್ಯಾಲ್ಸಿಯಂ ಏನಾದ್ರೂ?"

"ಇಲ್ಲವೇ ಇಲ್ಲ ಸಾರ್."

ಮೊದಲನೆಯದು ಸುಳ್ಳು, ಎರಡನೆಯದನ್ನು ಅವರು ನಿಜವೆಂದೇ ನಂಬಿದ್ದರು. ಡಾಕ್ಟರು, "ಹಾಗಾದ್ರೆ ಇದು ಹುಟ್ಟಿನಿಂದ ಬಂದಿದ್ದೋ ಏನೋ. ತೂಕ ಜಾಸ್ತಿ ಇದೆ, ಅಳತೆ ಕಡಿಮೆ ಮಾಡಿ. ಹದಿನೈದು ದಿನಕ್ಕೆ ಬನ್ನಿ, ನೋಡೋಣ" ಎಂದು ನೋವಿನ ಮಾತ್ರೆ ಬರೆದು ಕಳಿಸಿದರು.

ಮೆಟ್ಟಿಲಿಳಿಯುತ್ತಲೇ ನಾನು ಹರಿಹಾಯ್ದೆ. "ಯಾಕ್ರಿ ಅಂಗಂದ್ರಿ? ಡಾಕ್ಟ್ರ ಹತ್ರ ಎಂಥ ನಾಚಿಕೆ?"

"ಇವತ್ತಿಂದ ಅದನ್ನೇ ಹಾಕ್ತೀನಿ, ಬಿಡು. ಆಗ ಅದು ಸುಳ್ಳಾಗಲ್ಲ" ಅಂದರು.

ನಮ್ಮ ಮನೆಯವರ ಬುದ್ಧಿವಂತಿಕೆ ನೋಡಿ. ಭಾಯ್ ಅಂಗಡಿಯಿಂದ ಕೋಳಿ ಚಿತ್ರದ ಮೂಟೆ ತಂದರು. ಮನೆಗಲ್ಲ, ಕೆಳಗಿನ ಅಂಗಡಿಗೆ. ಮದುವೆಗೆ ಬಾಡಿಗೆ ಕೊಡುವ ತಾಮ್ರದ ಕೊಪ್ಪರಿಗೆಯೊಳಗೆ ಸುರಿದು, ಮೇಲೆ ಹಂಡೆ ಮುಚ್ಚಿ, ಕದ್ದ ಮಾಲಿನ ಹಾಗೆ ಇಟ್ಟರು. ಮೇಲೆ ಅತ್ತೆಯ ಕೈಯಲ್ಲಿ ಹೊಟ್ಟೆ ತುಂಬ ತಿಂದು ಇಳಿದು ಬಂದ ದೊರೆಗೆ ಅಂಗಡಿಯ ಹಿಂದೆ ಇನ್ನೊಂದು ಊಟ. ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮರಿ ಎರಡು ಮನೆಯ ಊಟ ತಿನ್ನತೊಡಗಿತು. ನಾನು ಜಗಳವಾಡಿದೆ. ಅತ್ತೆಗೆ ಹೇಳುತ್ತೇನೆ ಎಂದರೆ ಕೈ ಮುಗಿದರು. ಅಷ್ಟರಲ್ಲಿ ಮದುವೆ ಸೀಸನ್ ಶುರುವಾಯಿತು. ನನ್ನ ಮುಂದೆ ಹೆಸರಿಗೆ ಕಾದ ಪಾತ್ರೆಗಳ ರಾಶಿ, ಅವರಿಗೆ ಗಿರಾಕಿಗಳ ಗಲಾಟೆ. ಹದಿನೈದು ದಿನಕ್ಕೆ ಹೋಗಬೇಕಾದದ್ದು ನಾಳೆ ನಾಳಿದ್ದು ಎಂದು ಮುಂದೆ ಹೋಯಿತು.

ಒಂದು ಬೆಳಿಗ್ಗೆ ಪೂಜೆಯ ಗಂಟೆ ಬಾರಿಸಿದರೂ ದೊರೆ ಹೊಸ್ತಿಲಿಗೆ ಬರಲಿಲ್ಲ. ಜಗಲಿಯಲ್ಲಿ ಮಲಗಿದ್ದಲ್ಲೇ ಹಿಂಗಾಲು ಊರಿ ಮೇಲೇಳಲು ನೋಡಿತು. ಮುಂಗಾಲುಗಳು ಜಾರಿ ಅಗಲವಾಗಿ, ಎದೆ ನೆಲಕ್ಕೆ ಬಡಿಯಿತು. ಮತ್ತೆ ನೋಡಿತು, ಮತ್ತೆ ಬಿತ್ತು. ಅತ್ತೆ ವಿಭೂತಿ ಕೈಯಲ್ಲೇ ಬಂದು ನೆಲದ ಮೇಲೆ ಕೂತುಬಿಟ್ಟರು.

"ಈ ಸಲ ನಾನೂ ಬತ್ತೀನಿ" ಅಂದರು.

ಕಾರಿನ ಹಿಂದಿನ ಸೀಟಿನಲ್ಲಿ ಅದರ ತಲೆ ಅವರ ತೊಡೆಯ ಮೇಲೆ, ಮಿಕ್ಕ ಮೈ ನನ್ನ ಮೇಲೆ. ಬಡವನಹಳ್ಳಿ ದಾಟಿದೆವು. ಅತ್ತೆ ಒಂದು ಸಲ ನನ್ನ ಕಡೆ ಬಾಗಿ, "ನಾನು ಕೊಡ್ತಿರೋದು ಸಾಲ್ತಾ ಇಲ್ಲ ಅಂತ ಕಾಣ್ತದೆ ಕಣಮ್ಮ, ಡಾಕ್ಟ್ರನ್ನ ಕೇಳಾನ" ಅಂದರು. ನನಗೆ ಆಗಲೂ ಹೊಳೆಯಲಿಲ್ಲ.

ಡಾಕ್ಟರು ಎಲ್ಲ ನೋಡಿ ಮುಗಿಸುವ ತನಕ ಅತ್ತೆ ಕಾದರು. ಆಮೇಲೆ ಸೊಂಟದ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಬೆರಳ ತುದಿಯಲ್ಲಿ ಸುಣ್ಣ ತೆಗೆದು ತೋರಿಸಿದರು.

"ಡಾಕ್ಟ್ರಪ್ಪ, ನಾನು ದಿನಾ ಇಷ್ಟು ಕೊಡ್ತಾ ಇವ್ನಿ, ಮೊಸರಲ್ಲಿ. ಬಂದಾಗ್ನಿಂದ ಕೊಡ್ತಿದ್ದೆ, ಕಾಲು ಬಾಗಿದ್ಮೇಲೆ ಜಾಸ್ತಿ ಮಾಡ್ದೆ. ಇನ್ನೂ ವಸಿ ಜಾಸ್ತಿ ಮಾಡ್ಲಾ?"

ಡಾಕ್ಟರು ಆ ಬೆರಳನ್ನೇ ನೋಡುತ್ತಾ ಕೂತರು. ಹೊರಗೆ ಯಾವುದೋ ನಾಯಿ ಬೊಗಳುತ್ತಿತ್ತು. ನಮ್ಮ ಮನೆಯವರು ಗೋಡೆಗೆ ಕೈ ಊರಿದರು.

"ಇವರನ್ನ ನಾನು ಕೇಳಿದ್ದೆನಲ್ಲ ಅಮ್ಮ, ಕ್ಯಾಲ್ಸಿಯಂ ಕೊಡ್ತಿದ್ದೀರಾ ಅಂತ" ಎಂದರು ಡಾಕ್ಟರು, ಬಹಳ ಮೆತ್ತಗೆ. "ನೀವು ಕೊಡ್ತಿರೋದು ಅದೇನೇ. ಬೆಳೆದ ನಾಯಿಯಾದ್ರೆ ಬೇಡದ್ದನ್ನ ಹೊರಗೆ ಹಾಕುತ್ತೆ. ಇಂಥ ಮರಿಗೆ ಅದು ಬರಲ್ಲ. ಕೊಟ್ಟಷ್ಟನ್ನೂ ಮೈ ಇಟ್ಕೊಳ್ಳುತ್ತೆ. ಮೂಳೆ ಕೆಡುತ್ತೆ."

"ಸುಣ್ಣದಿಂದಾನಾ?" ಅಂದರು ಅತ್ತೆ.

"ಸುಣ್ಣ, ತೂಕ, ಎಲ್ಲ ಸೇರಿ. ಊಟ ಸರಿ ಇದ್ದಿದ್ದರೆ ಇಷ್ಟಾಗ್ತಿರಲಿಲ್ಲ. ಅದನ್ನ ಹಾಕ್ತಿದ್ದೀವಿ ಅಂದ್ರಲ್ಲ ಇವರು."

ಅತ್ತೆ ಮಗನ ಕಡೆ ತಿರುಗಿದರು. ನಮ್ಮ ಮನೆಯವರು ಹಸಿರೆಲೆಯ ಮೂಟೆಯನ್ನೂ ಕೊಪ್ಪರಿಗೆಯನ್ನೂ ತಲೆ ತಗ್ಗಿಸಿಕೊಂಡು ಹೇಳಿದರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋದ ಸಲವೇ ಗೊತ್ತಾಗಿದ್ದರೆ ಏನಾದ್ರೂ ಮಾಡಬಹುದಿತ್ತು. ಈಗ ಮೊಣಕೈ ಕೀಲೂ ಕೆಟ್ಟಿದೆ. ಬೆಂಗಳೂರಿನವರನ್ನೂ ಕೇಳೋಣ, ಆದ್ರೆ ನಾನು ಭರವಸೆ ಕೊಡಲ್ಲ. ನೋವು ಕಡಿಮೆ ಮಾಡಬಹುದು. ಕಾಲು ನೆಟ್ಟಗಾಗಲ್ಲ." ಬೆಂಗಳೂರಿನವರೂ ಆಮೇಲೆ ಅದನ್ನೇ ಹೇಳಿದರು.

ಅತ್ತೆ ಬೆರಳ ತುದಿಯ ಸುಣ್ಣವನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಕೊನೆಗೆ ತಮ್ಮ ಸೀರೆಗೆ ಒರೆಸಿಕೊಂಡರು.

ಹೊರಗೆ ಬಂದು ದೊರೆಯನ್ನು ಕಾರಿನಲ್ಲಿ ಮಲಗಿಸಿದ ಮೇಲೆ, "ಆ ಊಟ ಮಾರೋ ಅಂಗಡಿ ಎಲ್ಲೈತೆ?" ಎಂದು ಕೇಳಿದರು. ತೋರಿಸಿದೆ. ತಾವೇ ಮೆಟ್ಟಿಲು ಹತ್ತಿ, "ದೊಡ್ಡ ನಾಯಿಮರೀದು ಕೊಡಪ್ಪ" ಅಂದರು. ಭಾಯ್ ಕೋಳಿ ಚಿತ್ರದ ಮೂಟೆ ಇಳಿಸಿದ. ಡಿಕ್ಕಿಯಲ್ಲಿ ಹಾಕುತ್ತೇನೆ ಎಂದರೂ ಕೊಡದೆ, ಅದನ್ನು ತಮ್ಮ ಕಾಲ ಹತ್ತಿರವೇ ಇಟ್ಟುಕೊಂಡು ಕೂತರು. ಕಾರು ಊರು ದಾಟಿತು. ಆಮೇಲೆ ಮಾತಾಡಿದರು.

"ಗೌರಿ, ನಮ್ಮನೆ ಬೆಕ್ಕು ಇಲಿ ಹಿಡ್ದಾಗ ಯಾವತ್ತಾದ್ರೂ ನಾನು ಬೈದಿದ್ದು ಕಂಡಿದ್ದೀಯೇನಪ್ಪ?"

ನಮ್ಮ ಮನೆಯವರು ಕನ್ನಡಿಯಲ್ಲಿ ತಾಯಿಯ ಕಡೆ ನೋಡಿದರು.

"ಅದು ನಾಯಿ. ಅದರ ಊಟ ಅದಕ್ಕೆ. ನೀನು ತಂದಿದ್ರೆ ನಾನು ಬ್ಯಾಡ ಅಂತಿದ್ನಾ?"

"ನಿನಗೆ ನೋವಾಗುತ್ತೆ ಅಂತ ಅಮ್ಮ."

"ನಾನೂ ಅಂಗೇ ಅಂದ್ಕೊಂಡೆ. ನಾವು ತಿನ್ನೋದೇ ತಿಂತದೆ ಅಂದ್ಬುಟ್ಟೆ ನೀನು. ಲಿಂಗ ಕಟ್ಕೊಂಡೋನು, ಮೂಳೆ ತಾ ಅಂದ್ರೆ ಹೆಂಗ್ ತತ್ತಾನೆ, ಯಾಕೆ ಕೇಳಿ ನೋಯಿಸ್ಲಿ ಅಂತ ಸುಮ್ಕಾದೆ. ಮೂಳೆ ಇಲ್ದ ಮೇಲೆ ಸುಣ್ಣನಾದ್ರೂ ಕೊಡಾನ ಅಂತ..."

ನಮ್ಮ ಮನೆಯವರು ರಸ್ತೆ ಬದಿಗೆ ಕಾರು ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಇಟ್ಟುಕೊಂಡರು. ನನಗೆ ಇಬ್ಬರ ಮೇಲೂ ರೇಗಿತು, ಇಬ್ಬರನ್ನೂ ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಕಾದು ಕೂತರು, ನಡುವೆ ಬಾಯಿಲ್ಲದ ಪ್ರಾಣಿ ಕೊಟ್ಟದ್ದನ್ನೆಲ್ಲ ತಿಂದು ಬೋಗುಣಿ ಹೊಳೆಸಿತು. ದೊರೆ ತಲೆ ಎತ್ತಿ ನೋಡಿ ಅತ್ತೆಯ ಕೈ ನೆಕ್ಕಿತು. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಈಗ ದೊರೆ ಮೊದಲಿನ ಚಿಕ್ಕ ಬೋಗುಣಿಯಲ್ಲೇ ಅಳತೆಯ ಊಟ ಮಾಡುತ್ತದೆ. ಬೆಳಿಗ್ಗೆ ಸಂಜೆ ಅತ್ತೆಯೇ ಹಾಕುತ್ತಾರೆ, ಕೈ ತೊಳೆದು ಪೂಜೆಗೆ ಕೂರುತ್ತಾರೆ. ದೇವರು ಇದುವರೆಗೆ ಏನೂ ಅಂದಿಲ್ಲ. ಮಾತ್ರೆ ಕೊಟ್ಟ ದಿನ ದೊರೆ ಜಗಲಿಯಿಂದ ಬಾಗಿಲಿನ ತನಕ ಕುಂಟುತ್ತಾ ಬರುತ್ತದೆ, ಪಾದಗಳು ಪೂರ್ವಕ್ಕೊಂದು ಪಶ್ಚಿಮಕ್ಕೊಂದು. ಒರಗಿ ನಿಲ್ಲಲು ಆಗುವುದಿಲ್ಲ. ಹಾಗಾಗಿ ಅತ್ತೆಯೇ ನೆಲಕ್ಕೆ ಕೂತು ಅದಕ್ಕೆ ಒರಗಿಕೊಳ್ಳುತ್ತಾರೆ. ಎಲೆಯಡಿಕೆ ಬಿಟ್ಟಿಲ್ಲ, ಸುಣ್ಣ ಬಿಟ್ಟಿದ್ದಾರೆ. ಎಷ್ಟು ಅಗಿದರೂ ಬಾಯಿ ಕೆಂಪಾಗುವುದಿಲ್ಲ. ಮನೆಗೆ ಬಂದವರು ಕಾಫಿ ಕುಡಿದು ಹೋಗುತ್ತಾರೆ, ಕಾಲಿನ ಕಥೆ ಬರುವುದೇ ಇಲ್ಲ.

ಹೋದ ವಾರ ಕೆಳಗಿನ ಬೀದಿಯ ಗಂಗಲಕ್ಷ್ಮಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಗಂಗಲಕ್ಷ್ಮಿಯ ಮಕ್ಕಳೆಲ್ಲ ನಮ್ಮ ಅತ್ತೆಯ ಕೈಯಲ್ಲಿ ಬೆಳೆದವರೇ.

"ನಡೆಯಾಕೆ ಸುರು ಮಾಡೈತೆ ಕಣವ್ವ. ಕಾಲು ಎರಡೂ ಸೊಟ್ಟ. ವಸಿ ನೋಡವ್ವ" ಎಂದು ಮಗುವನ್ನು ಜಗಲಿಯ ಮೇಲೆ ನಿಲ್ಲಿಸಿದಳು.

ಮೊದಲಾಗಿದ್ದರೆ ಅತ್ತೆ ಮಗುವನ್ನು ಎಳೆದುಕೊಂಡು, ಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಓಡಿಸಿ, ಡಬ್ಬಿಗೆ ಕೈ ಹಾಕುತ್ತಿದ್ದರು. ಈಗ ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಮಗು ದೊರೆಯ ಕಿವಿ ಹಿಡಿದು ಎಳೆಯುತ್ತಿತ್ತು, ದೊರೆ ಸುಮ್ಮನಿತ್ತು.

"ಆಸ್ಪತ್ರೆಗೆ ತೋರ್ಸು ಗಂಗಲಕ್ಷ್ಮಿ. ನಂಗೆ ಗೊತ್ತಾಗಲ್ಲ."

ಗಂಗಲಕ್ಷ್ಮಿ ನಕ್ಕಳು. "ನಿಮಗೆ ಗೊತ್ತಾಗ್ದೆ ಇನ್ಯಾರಿಗವ್ವ? ಗೌರೀಶಣ್ಣನ ಕಾಲು ನೆಟ್ಟಗೆ ಮಾಡಿದ್ದು ಯಾರು ಮತ್ತೆ?"

ಒಳಗಿದ್ದ ನಮ್ಮ ಮನೆಯವರಿಗೆ ಇದು ಕೇಳಿಸಿತು. ಹೊರಗೆ ಬಂದರು. ಯಾರೂ ಕೇಳಿರಲಿಲ್ಲ, ಅತ್ತೆ ಕರೆದಿರಲಿಲ್ಲ. ಜಗಲಿಯ ಮೇಲೆ ಅತ್ತೆಯ ಎದುರು ನಿಂತು, ಬಾಗಿ, ಪ್ಯಾಂಟಿನ ಎರಡೂ ಕಾಲನ್ನು ಮೊಣಕಾಲಿನ ತನಕ ಎತ್ತಿದರು.

"ನೋಡಮ್ಮ. ಎಷ್ಟು ನೆಟ್ಟಗಿದಾವೆ. ನೀನೇ ಅಲ್ವಾ ಮಾಡಿದ್ದು?"

ಅತ್ತೆ ಆ ಕಾಲುಗಳನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. ಆಮೇಲೆ ಪಕ್ಕದಲ್ಲಿ ಮಲಗಿದ್ದ ದೊರೆಯ ಕಾಲುಗಳನ್ನು ನೋಡಿದರು.

"ಅವು ತಾವಾಗೇ ನೆಟ್ಟಗಾಗಿದ್ವೇನೋ ಕಣಪ್ಪ" ಅಂದರು. "ಯಾರಿಗ್ ಗೊತ್ತು. ನಾನು ಇಷ್ಟು ವರ್ಸ ಸುಮ್ನೆ ನಂದು ಅಂತ ಹೇಳ್ಕೊಂಡು ತಿರುಗ್ದೆ. ಪ್ಯಾಂಟು ಬುಡು."

ಗಂಗಲಕ್ಷ್ಮಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ನಾನು ಮಗುವಿನ ಕೈಯಿಂದ ದೊರೆಯ ಕಿವಿ ಬಿಡಿಸುವ ನೆಪದಲ್ಲಿ ಬಾಗಿದೆ. ನಮ್ಮ ಮನೆಯವರು ಪ್ಯಾಂಟು ಬಿಡಲಿಲ್ಲ. ತಾಯಿ ಇನ್ನೊಂದು ಸಲ ನೋಡಲಿ ಎಂದು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತಿದ್ದರು.